ನೆಲ ಕದಲದೆ ಹುಟ್ಟುವ ದ್ವೀಪ

ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪವೆಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ವ್ಯಾಖ್ಯೆ ಸರಿಯಾದುದೇ. ಆದರೆ ಆ ಭೂಭಾಗವು ಹೇಗೆ ದ್ವೀಪವಾಯಿತು, ಯಾರಿಂದ ಆಯಿತು ಎಂಬ ಪ್ರಶ್ನೆಗೆ ಅದರಲ್ಲಿ ಎಡೆಯಿಲ್ಲ. 1963ರ ನವೆಂಬರಿನಲ್ಲಿ ಐಸ್‌ಲೆಂಡಿನ ಬಳಿ ಕಡಲಡಿಯ ಜ್ವಾಲಾಮುಖಿಯು ಸುರ್ಟ್ಸೆ ಎಂಬ ಹೊಸ ದ್ವೀಪವನ್ನು ಎತ್ತಿ ನಿಲ್ಲಿಸಿತು. ಅಂದಿನಿಂದ ಅಲೆಗಳು ಅದನ್ನು ಸವೆಸುತ್ತಲೇ ಇವೆ. ಬಂಗಾಳ ಕೊಲ್ಲಿಯಲ್ಲಿ 1970ರ ಚಂಡಮಾರುತದ ತರುವಾಯ ಕಂಡುಬಂದ ಮರಳುದಿಬ್ಬವೊಂದಕ್ಕಾಗಿ ಭಾರತ, ಬಾಂಗ್ಲಾದೇಶಗಳು ಬಹುಕಾಲ ವ್ಯಾಜ್ಯವಾಡಿದುವು. ವ್ಯಾಜ್ಯ ತೀರುವ ಮೊದಲೇ ಕಡಲು ದಿಬ್ಬವನ್ನು ನುಂಗಿತು. ಇಂಥಲ್ಲಿ ನಾವು ಬೆರಗಾಗಬಹುದಲ್ಲದೆ ಯಾರನ್ನೂ ಹೊಣೆ ಮಾಡಲಾಗದು.

ಮನುಷ್ಯನು ಮಾಡಿದ ದ್ವೀಪದ ಮಾತು ಬೇರೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಹರಡಿದಾಗ, ಸಾಗರ ಸೀಮೆಯ ತುಮರಿಯ ಸುತ್ತಣ ಹಳ್ಳಿಗಳು ಮೂರು ಕಡೆಯಿಂದ ನೀರಿಗೆ ಸಿಕ್ಕಿದುವು. ಜನರು ಅದನ್ನು ದ್ವೀಪವೆಂದೇ ಕರೆದರು. ಹಳ್ಳಿಗಳು ಒಂದು ಗೇಣೂ ಕದಲಿರಲಿಲ್ಲ, ಕದಲಿದ್ದು ನೀರು. ನಾಡಿಗೆಲ್ಲ ವಿದ್ಯುತ್ತು ಹರಿಯಿತು. ಸಾಗರದ ಆಸ್ಪತ್ರೆಗೆ ಹೋಗಬೇಕಾದ ರೋಗಿ ಲಾಂಚಿಗಾಗಿ ದಡದಲ್ಲಿ ಕಾದ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಗಳ ನಡುವಣ ಸೇತುವೆ ತೆರೆಯಿತು. ಅಂದಿಗೆ ದ್ವೀಪವೆಂಬ ಹೆಸರಿನ ಅರ್ಥ ಹೋಯಿತು. ಅದಕ್ಕಾಗಿ ಅಲ್ಲಿಯವರು ಅತ್ತರೆಂದು ನಾವು ಕೇಳಿಲ್ಲ. ದಶಕಗಳ ಕಾಲ ಸೇತುವೆ ಬೇಡಿದವರು ಅವರೇ ಅಲ್ಲವೇ?

ನಮ್ಮ ಸೀಮೆಯಲ್ಲಿ ಏರಿದುದು ನೀರಲ್ಲ, ಗೆರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು ತಾಲ್ಲೂಕುಗಳು ಕರ್ನೂಲಿಗೂ ರಾಯದುರ್ಗವು ಅನಂತಪುರಕ್ಕೂ ಸೇರಿದುವು. ಉಳಿದ ಭಾಗ ಮೈಸೂರಿಗೆ ಹೋಯಿತು. ಆ ಬೆಳಗ್ಗೆಯೂ ಆದವಾನಿಯ ಕೋಟೆಯ ಗುಡ್ಡ ಇದ್ದಲ್ಲಿಯೇ ಇದ್ದಿತು, ತುಂಗಭದ್ರೆ ಮಂತ್ರಾಲಯದ ಮುಂದೆಯೇ ಹರಿಯುತ್ತಿದ್ದಿತು. ಆದರೆ ನೆರೆಯ ಸಿರುಗುಪ್ಪ ಪರರಾಜ್ಯವಾಯಿತು. ನಮ್ಮ ಕನ್ನಡ ಶಾಲೆ ದ್ವೀಪವಾಯಿತು. ಇದನ್ನು ಅನ್ಯಾಯವೆಂದು ಕೂಗುವುದು ಸುಲಭ. ಈ ತಾಲ್ಲೂಕುಗಳಲ್ಲಿ ಕನ್ನಡಿಗರ ಸಂಖ್ಯೆ ಕಡಮೆಯೆಂಬುದೇ ಅಂದಿನ ಕಾರಣವಾಗಿದ್ದಿತು. ಎಲ್ಲಿ ಗೆರೆ ಎಳೆದರೂ ಯಾರೋ ಕೆಲವರು ಆಚೆ ಉಳಿಯುವರು; ಬಳ್ಳಾರಿಯ ತೆಲುಗರು ಅತ್ತ ಕಡೆ ಉಳಿದ ದ್ವೀಪವೇ ಸರಿ. ಆದುದರಿಂದ ಗೆರೆ ಎಳೆದುದು ತಪ್ಪೋ ಒಪ್ಪೋ ಎಂಬುದಕ್ಕಿಂತ, ಎಳೆದ ಮೇಲೆ ಯಾರಿಗೆ ಏನು ಹೊಣೆ ಎಂಬುದೇ ನಮಗೆ ಮುಖ್ಯವಾಗಿ ತೋರುತ್ತದೆ.

ನೀರನ್ನು ಏರಿಸಿದವನೇ ಲಾಂಚನ್ನು ನಡೆಸಬೇಕು. ಇದು ದಯೆಯಲ್ಲ, ಋಣ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂಬ 350ಎ ವಿಧಿಯು 1956ರಲ್ಲಿ ಸಂವಿಧಾನಕ್ಕೆ ಸೇರಿತು. ನಮ್ಮ ಕೈಗೆ ಬರುವ ಕನ್ನಡ ಪಠ್ಯಪುಸ್ತಕ ಆ ಋಣದ ಒಂದು ಕಂತು. ಪುಸ್ತಕ ತಡವಾದರೆ, ಮಾಸ್ತರರ ಜಾಗ ಖಾಲಿ ಬಿದ್ದರೆ, ನಾವು ಕೈಮುಗಿದು ಬೇಡಬೇಕಾಗಿಲ್ಲ; ಕೇಳಬೇಕು.

ಇಷ್ಟು ಹೇಳಿದ ಬಾಯಿಂದಲೇ ಇನ್ನೊಂದು ಮಾತನ್ನೂ ಆಡಬೇಕಾಗಿದೆ. ಮಗುವನ್ನು ತೆಲುಗು ಇಲ್ಲವೆ ಇಂಗ್ಲಿಷ್ ಶಾಲೆಗೆ ಸೇರಿಸುವ ತಂದೆಯನ್ನು ಭಾಷಾದ್ರೋಹಿಯೆಂದು ಹಳಿಯುವುದು ನಮ್ಮಲ್ಲಿ ರೂಢಿ. ಅವನು ಬೇಡುತ್ತಿರುವುದೂ ಸೇತುವೆಯನ್ನೇ. ದ್ವೀಪವು ಉಳಿಯಲೆಂದು ಒಂದು ಮಗುವನ್ನು ಅದರ ಕಾವಲಿಗೆ ನಿಲ್ಲಿಸುವ ಅಧಿಕಾರ ನಮಗೆ ಎಲ್ಲಿಂದ ಬಂದಿತು? ನಮ್ಮಲ್ಲೇ ಎಷ್ಟು ಮಂದಿಯ ಮಕ್ಕಳು ನಮ್ಮ ಶಾಲೆಯಲ್ಲಿದ್ದಾರೆ ಎಂದು ಆ ತಂದೆ ಕೇಳಿದರೆ ಉತ್ತರ ಸಿದ್ಧವಿರಬೇಕು.

ಆದರೂ ಸೇತುವೆ ಬೇರೆ, ಮುಳುಗಡೆ ಬೇರೆ. ಹೊರಗಿನಿಂದ ನೋಡುವವನಿಗೆ ಎರಡೂ ದ್ವೀಪದ ಅಂತ್ಯವೇ. ಶ್ರೀಶೈಲದ ಜಲಾಶಯದಲ್ಲಿ ಸಂಗಮೇಶ್ವರದ ಗುಡಿ ವರ್ಷದ ಬಹುಭಾಗ ನೀರೊಳಗಿದ್ದು, ಬೇಸಗೆಯಲ್ಲಿ ನೀರಿಳಿದಾಗ ತಲೆಯೆತ್ತುತ್ತದೆ. ಹಾಗೆ ಕನ್ನಡವು ಹಬ್ಬ-ಮದುವೆಗಳಲ್ಲಿ ಮಾತ್ರ ತಲೆಯೆತ್ತುವ ಮನೆಗಳನ್ನು ನಾವು ಬಲ್ಲೆವು. ತುಮರಿಯವನು ಸೇತುವೆ ದಾಟಿ ಸಾಗರಕ್ಕೆ ಹೋದರೂ ಸಂಜೆಗೆ ಮರಳುವನು, ಮರಳಲು ಊರಿದೆ. ತೆಲುಗನ್ನು ಚೆನ್ನಾಗಿ ಕಲಿತು, ಅಜ್ಜಿಗೆ ಕನ್ನಡದಲ್ಲಿ ಕಾಗದ ಓದಿ ಹೇಳಬಲ್ಲ ಹುಡುಗಿ ಸೇತುವೆ ದಾಟಿದವಳು. ಕನ್ನಡದ ಅಕ್ಷರವನ್ನೇ ಕಾಣದೆ ಬೆಳೆದ ಅವಳ ತಮ್ಮನ ಊರು ನೀರೊಳಗಾಯಿತು. ಅವನಿಗೆ ಅದು ತಿಳಿಯದು. ತಿಳಿಯದಿರುವುದೇ ಆ ನಷ್ಟದ ಬಗೆ.

ಜೂನ್ ತಿಂಗಳಲ್ಲಿ ನಾವು ದಾಖಲಾತಿಗೆಂದು ಮನೆಮನೆಗೆ ಹೋಗುವೆವಷ್ಟೆ. ಕನ್ನಡವನ್ನು ಉಳಿಸಿರೆಂದು ಆ ತಂದೆಗೆ ಉಪದೇಶಿಸುವ ಮುನ್ನ, ನಮ್ಮಲ್ಲಿ ಐದು ವರ್ಷ ಕಲಿತ ಮಗು ತೆಲುಗನ್ನು ತಡವರಿಸದೆ ಓದುವುದೆಂದೂ ಲೆಕ್ಕದಲ್ಲಿ ಹಿಂದೆ ಬೀಳದೆಂದೂ ಅವನ ಎದುರಿಗೇ ಓದಿಸಿ, ಲೆಕ್ಕ ಮಾಡಿಸಿ ತೋರಿಸೋಣ. ಹಿಂದಿನ ವರ್ಷದ ಮಕ್ಕಳಲ್ಲಿ ಇಬ್ಬರನ್ನು ಜೊತೆಗೆ ಕರೆದೊಯ್ದರೆ ಸಾಕು.