ಕೈಕಾಲು ಆಡದವರಿಗೆ ಮಾತು ಅರ್ಥವಾಗುವುದೇ?

ಪುಟ್ಟ ಮಗುವಿಗೆ ಶಿಲುಬೆಯ ಗುರುತನ್ನು ನೀವು ಹೇಗೆ ಕಲಿಸುತ್ತೀರಿ? ತ್ರಿತ್ವದ ಅರ್ಥವನ್ನು ವಿವರಿಸುತ್ತಾ ಕೂರುವುದಿಲ್ಲ. ಮಗುವಿನ ಕೈ ಹಿಡಿದು ಹಣೆಗೆ, ಎದೆಗೆ, ಭುಜಗಳಿಗೆ ಮುಟ್ಟಿಸುತ್ತೀರಿ. ಮಾತು ಆ ಕೈಯ ಬೆನ್ನಹಿಂದೆಯೇ ಬರುತ್ತದೆ. ನಮ್ಮ ಅಜ್ಜಿಯಂದಿರು ಮಾಡುತ್ತಾ ಬಂದದ್ದೂ ಇದನ್ನೇ.

ಮಾತು ತಿಳಿಯಲು ದೇಹವೂ ನೆರವಾಗುತ್ತದೆಯೇ ಎಂದು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆರ್ಥರ್ ಗ್ಲೆನ್‌ಬರ್ಗ್ ಮತ್ತು ಮೈಕೆಲ್ ಕಾಶ್ಯಾಕ್ 2002ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೇಜಿನ ಖಾನೆ ಎಳೆಯುವ ಅಥವಾ ಮುಚ್ಚುವಂಥ ವಾಕ್ಯವನ್ನು ಓದಿ, ಅದಕ್ಕೆ ಅರ್ಥವಿದೆಯೋ ಇಲ್ಲವೋ ಎಂದು ಗುಂಡಿ ಒತ್ತಿ ತಿಳಿಸಬೇಕಿತ್ತು. ಕೈ ಚಲಿಸುವ ದಿಕ್ಕು ವಾಕ್ಯದ ದಿಕ್ಕಿಗೆ ಹೊಂದಿದಾಗ ಉತ್ತರ ಬೇಗ ಬಂದಿತಂತೆ. ಆದರೆ ಹಲವು ಪ್ರಯೋಗಾಲಯಗಳು ಕಾಶ್ಯಾಕ್ ಅವರನ್ನೂ ಸೇರಿಸಿಕೊಂಡು ನಡೆಸಿ, 2022ರಲ್ಲಿ ಪ್ರಕಟಿಸಿದ ಮರುಪರೀಕ್ಷೆಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ತನ್ನದೇ ಫಲವನ್ನು ಮತ್ತೆ ಒರೆಗೆ ಹಚ್ಚಲು ಒಪ್ಪುವುದು ಸಣ್ಣ ಮಾತಲ್ಲ! ಗ್ಲೆನ್‌ಬರ್ಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವಿದೆ. ಕಥೆ ಓದುತ್ತಾ ಆಟಿಕೆಗಳನ್ನು ಕಥೆಯಂತೆಯೇ ಚಲಿಸಿದ ಎಳೆಯ ಮಕ್ಕಳು ಅದನ್ನು ಚೆನ್ನಾಗಿ ಗ್ರಹಿಸಿದರು. ‘ಕೈಕಟ್ಟಿ ಕುಳಿತು ಓದು’ ಎಂದು ಗದರುವ ತಂದೆತಾಯಿಯರು ಇದನ್ನು ಗಮನಿಸಬೇಕು.

ಇಲ್ಲೊಂದು ಗಂಭೀರ ಪ್ರಶ್ನೆ ಏಳುತ್ತದೆ. ದೇಹದ ಚಲನೆ ತಿಳಿವಳಿಕೆಗೆ ನೆರವಾಗುವುದಾದರೆ, ಹಾಸಿಗೆ ಹಿಡಿದ ತಂದೆಗೆ ಮಾತು ಕಡಿಮೆ ಅರ್ಥವಾಗುವುದೇ?

ಫ್ರಾನ್ಸಿನ ಪತ್ರಿಕಾ ಸಂಪಾದಕ ಝಾಂ-ದೊಮಿನಿಕ್ ಬೊಬಿ 1995ರಲ್ಲಿ ಮಿದುಳಿನ ಆಘಾತಕ್ಕೆ ತುತ್ತಾದರು. ಇಡೀ ದೇಹ ಮರಗಟ್ಟಿದಂತಾಗಿ, ಎಡಗಣ್ಣಿನ ರೆಪ್ಪೆಯೊಂದೇ ಅವರ ಮಾತು ಕೇಳುತ್ತಿತ್ತು. ಬುದ್ಧಿ ಮಾತ್ರ ಚುರುಕಾಗಿಯೇ ಇತ್ತು. ಸಹಾಯಕಿಯೊಬ್ಬರು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಬೇಕಾದ ಅಕ್ಷರ ಬಂದಾಗ ಅವರು ರೆಪ್ಪೆ ಮಿಟುಕಿಸುತ್ತಿದ್ದರು. ಹೀಗೆ ಒಂದು ಪುಸ್ತಕವೇ ಸಿದ್ಧವಾಗಿ 1997ರಲ್ಲಿ ಹೊರಬಂತು.

ಆದುದರಿಂದ ಚಲನೆ ಮಾತಿಗೆ ನೆರವಾಗಬಹುದು, ಆದರೆ ಮನುಷ್ಯನ ತಿಳಿವಿಗೆ ಅದು ಅಳತೆಗೋಲಲ್ಲ. ನಮ್ಮ ಮನೆಗಳಲ್ಲಿ ನಡೆಯುವುದೇನು? ಪಾರ್ಶ್ವವಾಯು ಬಡಿದವರ ತಲೆದಿಂಬಿನ ಪಕ್ಕದಲ್ಲೇ ಆಸ್ತಿ ಪಾಲಿನ ಚರ್ಚೆ, ಆಸ್ಪತ್ರೆ ಖರ್ಚಿನ ಗೊಣಗಾಟ. ‘ಅವರಿಗೇನೂ ತಿಳಿಯದು ಬಿಡಿ’ ಎಂಬ ಸಮಾಧಾನ ಬೇರೆ. ಕೆಲವು ಆಘಾತಗಳಲ್ಲಿ ಭಾಷೆಯೇ ಕುಂದುತ್ತದೆ, ನಿಜ. ಆದರೆ ಯಾರಿಗೆ ಕುಂದಿದೆ, ಯಾರಿಗಿಲ್ಲ ಎಂಬುದು ಮಂಚದ ಆಚೆ ನಿಂತು ನೋಡಿದರೆ ಕಾಣದು. ಹತ್ತಿರ ಕುಳಿತು, ‘ಅಪ್ಪಾ, ಹೌದೆಂದರೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿರಿ’ ಎಂದು ಕೇಳಬೇಕು, ಉತ್ತರಕ್ಕಾಗಿ ಕಾಯಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಕೇಳಿದ್ದಾರೆಯೇ?