ಆಕರಕೋಶ ಸಂಶೋಧನೆ: ವಿಜ್ಞಾನ, ವಿಶ್ವಾಸ ಮತ್ತು ಮನಸ್ಸಾಕ್ಷಿ

ರೋಗಿಗಳನ್ನು ಗುಣಪಡಿಸುವುದು ಪುಣ್ಯಕಾರ್ಯವೆಂಬ ವಿಷಯದಲ್ಲಿ ಕ್ರೈಸ್ತರಾದ ನಮಗೆ ಎರಡು ಮಾತಿಲ್ಲ. ಯೇಸುಸ್ವಾಮಿಯ ಬಹಿರಂಗ ಜೀವನದ ಬಹುಪಾಲು ಕುಷ್ಠರೋಗಿಗಳ, ಕುರುಡರ, ಪಾರ್ಶ್ವವಾಯು ಪೀಡಿತರ ನಡುವೆಯೇ ಕಳೆಯಿತು. ಪ್ರತಿಯೊಂದು ಮಾನವ ಜೀವವೂ ದೇವರ ವರದಾನವೆಂಬ ವಿಷಯದಲ್ಲಿಯೂ ನಮಗೆ ಎರಡು ಮಾತಿಲ್ಲ. ಸಾಮಾನ್ಯವಾಗಿ ಈ ಎರಡು ಸತ್ಯಗಳು ಜೊತೆಜೊತೆಯಾಗಿಯೇ ನಡೆಯುತ್ತವೆ. ಆದರೆ ಕೆಲವೊಮ್ಮೆ ಅವು ಒಂದಕ್ಕೊಂದು ಎದುರಾಗಿ ನಿಂತಂತೆ ತೋರುತ್ತವೆ. ನರಳುತ್ತಿರುವ ಒಬ್ಬರನ್ನು ಗುಣಪಡಿಸುವುದಕ್ಕಾಗಿ ಇನ್ನೂ ಹುಟ್ಟದ ಮತ್ತೊಂದು ಜೀವವನ್ನು ನಾಶಮಾಡಬಹುದೇ? ಆಕರಕೋಶ ಸಂಶೋಧನೆಯ ಬಗ್ಗೆ ವಿಜ್ಞಾನಕ್ಕೂ ಧರ್ಮಕ್ಕೂ ನಡುವೆ ಕಾಲು ಶತಮಾನಕ್ಕೂ ಮಿಕ್ಕಿ ನಡೆದಿರುವ ವಾಗ್ವಾದದ ತಿರುಳು ಇದೇ.

ಸ್ಟೆಮ್ ಸೆಲ್ ಎಂದು ಕರೆಯಲಾಗುವ ಆಕರಕೋಶವೆಂದರೇನು? ನಮ್ಮ ದೇಹದ ಹೆಚ್ಚಿನ ಜೀವಕೋಶಗಳಿಗೆ ನಿಶ್ಚಿತವಾದ ಒಂದೊಂದು ಕೆಲಸವಿದೆ. ನರಕೋಶ ನರಕೋಶವಾಗಿಯೇ ಉಳಿಯುತ್ತದೆ, ಸ್ನಾಯುಕೋಶ ಸ್ನಾಯುಕೋಶವಾಗಿಯೇ ಉಳಿಯುತ್ತದೆ. ಆಕರಕೋಶ ಹಾಗಲ್ಲ. ಅದು ತನ್ನಂತಹ ಕೋಶಗಳನ್ನೂ ಹುಟ್ಟಿಸಬಲ್ಲದು, ಬೇರೆ ಬಗೆಯ ಕೋಶವಾಗಿಯೂ ಮಾರ್ಪಡಬಲ್ಲದು. ನಮ್ಮ ಮೂಳೆಯ ಮಜ್ಜೆಯಲ್ಲಿ ಇಂತಹ ಕೋಶಗಳಿದ್ದು, ದಿನನಿತ್ಯ ಹೊಸ ರಕ್ತವನ್ನು ಒದಗಿಸುತ್ತಿರುತ್ತವೆ. ಕೆನಡಾದ ಟಿಲ್ ಮತ್ತು ಮೆಕಲಕ್ ಎಂಬ ವಿಜ್ಞಾನಿಗಳು 1960ರ ದಶಕದ ಆರಂಭದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಮಜ್ಜೆಯ ಕಸಿಯನ್ನು ಚಿಕಿತ್ಸೆಯಾಗಿ ಬೆಳೆಸಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ನಮ್ಮ ದೇಶದ ಮೊದಲ ಮಜ್ಜೆಯ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ರಕ್ತದ ಕ್ಯಾನ್ಸರ್, ಥಲಸೇಮಿಯಾ ಮುಂತಾದ ವ್ಯಾಧಿಗಳಿಂದ ಬಳಲುವ ಅನೇಕರು ಈ ಚಿಕಿತ್ಸೆಯಿಂದ ಬದುಕಿ ಉಳಿದಿದ್ದಾರೆ. 1988ರಿಂದ ಮಗುವಿನ ಹೊಕ್ಕುಳಬಳ್ಳಿಯ ರಕ್ತವೂ ಇದೇ ಕಾರ್ಯಕ್ಕೆ ಬಳಕೆಯಾಗುತ್ತಿದೆ. ಇಲ್ಲಿ ಯಾವ ಜೀವವೂ ನಾಶವಾಗುವುದಿಲ್ಲ. ಆದ್ದರಿಂದ ಇದಕ್ಕೆ ಧರ್ಮಸಭೆಯ ಆಕ್ಷೇಪಣೆ ಎಂದೂ ಇರಲಿಲ್ಲ.

ವಾಗ್ವಾದ ಆರಂಭವಾದದ್ದು 1998ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೇಮ್ಸ್ ಥಾಮ್ಸನ್ ಮತ್ತು ಅವರ ಸಂಗಡಿಗರು ಮಾನವ ಭ್ರೂಣದಿಂದ ಆಕರಕೋಶಗಳನ್ನು ಬೇರ್ಪಡಿಸಿ ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಫಲಿತಗೊಂಡು ಸುಮಾರು ಐದು ದಿನಗಳಾದ ಭ್ರೂಣ ಸೂಜಿಯ ಮೊನೆಯಷ್ಟು ಸಣ್ಣದು. ಅದರ ಒಳಗಿನ ಕೋಶಗಳ ಗುಂಪಿನಿಂದ ದೇಹದ ಯಾವ ಅಂಗಾಂಶವನ್ನಾದರೂ ರೂಪಿಸಲು ಸಾಧ್ಯ. ಪಾರ್ಕಿನ್ಸನ್ ಕಾಯಿಲೆ, ಮಧುಮೇಹ, ಬೆನ್ನುಹುರಿಯ ಆಘಾತ ಇವುಗಳಿಗೆ ಮದ್ದು ದೊರಕೀತೆಂಬ ಆಶೆ ಅಲ್ಲಿಂದ ಚಿಗುರಿತು. ಆದರೆ ಆ ಕೋಶಗಳನ್ನು ತೆಗೆಯುವಾಗ ಭ್ರೂಣ ಸಾಯುತ್ತದೆ. ಆಶೆಯೂ ಸಂಕಟವೂ ಒಂದೇ ದಿನ ಹುಟ್ಟಿದವು.

ಧರ್ಮಸಭೆ ತನ್ನ ನಿಲುವನ್ನು ಸ್ಪಷ್ಟಪಡಿಸಲು ತಡಮಾಡಲಿಲ್ಲ. 2000ದ ಆಗಸ್ಟ್‌ನಲ್ಲಿ ವ್ಯಾಟಿಕನ್ನಿನ ಜೀವಪರ ಅಕಾಡೆಮಿ ಈ ವಿಷಯವಾಗಿ ಹೇಳಿಕೆಯನ್ನು ಹೊರಡಿಸಿತು. 2001ರ ಜುಲೈನಲ್ಲಿ ತಮ್ಮನ್ನು ಕಾಣಲು ಬಂದ ಅಮೆರಿಕದ ಅಧ್ಯಕ್ಷ ಬುಷ್ ಅವರೊಂದಿಗೆ ಜಗದ್ಗುರು ಎರಡನೇ ಜಾನ್ ಪೌಲರು ಇದನ್ನು ಪ್ರಸ್ತಾಪಿಸಿದರು. ಆಗಸ್ಟ್ 9ರಂದು ಬುಷ್, ಅದಕ್ಕೆ ಮೊದಲೇ ಸಿದ್ಧವಾಗಿದ್ದ ಕೋಶಸಂತತಿಗಳ ಸಂಶೋಧನೆಗೆ ಮಾತ್ರ ಸರಕಾರದ ಹಣವೆಂದು ಪ್ರಕಟಿಸಿದರು. ಅಂತಹ ಕೋಶಸಂತತಿಗಳಿದ್ದ ಪ್ರಯೋಗಶಾಲೆಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಹೆಸರೂ ಇತ್ತು. ಇದು ಎಲ್ಲಿಯೋ ದೂರದ ದೇಶದ ತಂಟೆಯಲ್ಲ ಎಂಬುದಕ್ಕೆ ಇಷ್ಟು ಸಾಕು. 2008ರಲ್ಲಿ ಹೊರಬಂದ ವ್ಯಕ್ತಿಯ ಘನತೆಯ ಕುರಿತಾದ ವ್ಯಾಟಿಕನ್ನಿನ ಬೋಧನಾಪತ್ರವು, ವಯಸ್ಕರ ದೇಹದಿಂದಲೂ ಹೊಕ್ಕುಳಬಳ್ಳಿಯ ರಕ್ತದಿಂದಲೂ ಪಡೆಯುವ ಆಕರಕೋಶಗಳ ಸಂಶೋಧನೆಯನ್ನು ಪ್ರೋತ್ಸಾಹಿಸಿ, ಜೀವಂತ ಭ್ರೂಣವನ್ನು ಕೊಂದು ಪಡೆಯುವುದನ್ನು ನಿರಾಕರಿಸಿತು. ಧರ್ಮಸಭೆ ಬೇಡವೆಂದದ್ದು ವಿಜ್ಞಾನವನ್ನಲ್ಲ, ವಿಜ್ಞಾನದ ಒಂದು ದಾರಿಯನ್ನು.

ಈ ನಿಲುವಿಗೆ ಎದುರಾಗಿ ಬರುವ ಪ್ರಶ್ನೆಗಳು ಹಗುರವಾದವುಗಳಲ್ಲ. ಅವನ್ನು ಪ್ರಾಮಾಣಿಕವಾಗಿ ಎದುರಿಸುವುದು ವಿಶ್ವಾಸಿಯ ಕರ್ತವ್ಯ.

ಮೊದಲನೆಯದು: ಸೂಜಿಯ ಮೊನೆಯಷ್ಟಿರುವ, ಮಿದುಳೂ ನೋವೂ ಇಲ್ಲದ ಈ ಕೋಶಗಳ ಗುಂಪು ಮನುಷ್ಯನೇ? ಸಂತ ತೋಮಸ್ ಅಕ್ವಿನಾಸರೇ ಗರ್ಭ ಧರಿಸಿದ ಕ್ಷಣದಲ್ಲಿ ಅಲ್ಲ, ಅನಂತರವೇ ಬೌದ್ಧಿಕ ಆತ್ಮ ಬರುತ್ತದೆಂದು ತಮ್ಮ ಕಾಲದ ಶರೀರಶಾಸ್ತ್ರವನ್ನು ನಂಬಿ ಭಾವಿಸಿದ್ದರು. ಆತ್ಮ ಯಾವ ಕ್ಷಣದಲ್ಲಿ ಬರುತ್ತದೆಂಬ ತಾತ್ತ್ವಿಕ ಪ್ರಶ್ನೆಗೆ ಧರ್ಮಸಭೆ ಇಂದಿಗೂ ಅಂತಿಮ ತೀರ್ಪು ನೀಡಿಲ್ಲ. ಆದರೆ ಭ್ರೂಣವನ್ನು ಮೊದಲ ಕ್ಷಣದಿಂದಲೇ ವ್ಯಕ್ತಿಯಂತೆ ಗೌರವಿಸಬೇಕೆಂದು ಬೋಧಿಸುತ್ತದೆ. ಇದರಲ್ಲಿ ವಿರೋಧಾಭಾಸವಿಲ್ಲ. ಕಲ್ಲುಕ್ವಾರಿಯಲ್ಲಿ ಸಿಡಿಮದ್ದಿಗೆ ಬೆಂಕಿ ಇಡುವವನು ಒಳಗೆ ಆಳು ಉಳಿದಿರಬಹುದೆಂಬ ಅನುಮಾನ ಬಂದರೆ ಏನು ಮಾಡಬೇಕು? ಖಚಿತವಿಲ್ಲವಾದ್ದರಿಂದ ಸಿಡಿಸಬಹುದೆಂದು ಅವನು ಹೇಳುವಂತಿಲ್ಲ. ಖಚಿತವಿಲ್ಲವಾದ್ದರಿಂದಲೇ ಅವನು ಕೈ ತಡೆಯಬೇಕು. ಅಲ್ಲದೆ ಇಂದಿನ ಶರೀರಶಾಸ್ತ್ರ ತಿಳಿಸುವಂತೆ, ತಾಯಿತಂದೆಯರಿಬ್ಬರಿಂದಲೂ ಭಿನ್ನವಾದ, ತನ್ನ ಬೆಳವಣಿಗೆಯನ್ನು ತಾನೇ ನಡೆಸುವ ಹೊಸ ಮಾನವ ಜೀವಿ ಅಲ್ಲಿ ಆರಂಭವಾಗಿರುತ್ತದೆ. ಸಣ್ಣದೆಂಬುದು ಗಾತ್ರದ ಮಾತು. ಬೆಲೆ ಗಾತ್ರದಿಂದ ಬರುವುದಾದರೆ ತೊಟ್ಟಿಲ ಮಗುವಿಗಿಂತ ದೊಡ್ಡವನ ಜೀವವೇ ಹೆಚ್ಚು ಬೆಲೆಯುಳ್ಳದ್ದಾಗಬೇಕಿತ್ತು.

ಎರಡನೆಯದು: ಮೊದಲ ಹದಿನಾಲ್ಕು ದಿನಗಳಲ್ಲಿ ಒಂದು ಭ್ರೂಣ ಒಡೆದು ಅವಳಿಗಳಾಗಬಹುದು. ಎರಡಾಗಬಲ್ಲದ್ದು ಒಬ್ಬ ವ್ಯಕ್ತಿಯಾಗಿರಲು ಹೇಗೆ ಸಾಧ್ಯ? ದಾಸವಾಳದ ಗಿಡದಿಂದ ರೆಂಬೆ ಮುರಿದು ನೆಟ್ಟರೆ ಮತ್ತೊಂದು ಗಿಡ ಬೆಳೆಯುತ್ತದೆ. ಅದಕ್ಕೆ ಮುಂಚೆ ಅಲ್ಲಿ ಗಿಡವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಮೇರಿ ವಾರ್ನಾಕ್ ಅವರ ಸಮಿತಿ 1984ರಲ್ಲಿ ಹದಿನಾಲ್ಕು ದಿನಗಳ ಮಿತಿಯನ್ನು ಸೂಚಿಸಿತು. 1990ರಲ್ಲಿ ಅದು ಅಲ್ಲಿಯ ಕಾನೂನಾಯಿತು, ಅನೇಕ ದೇಶಗಳು ಅದನ್ನು ಅನುಸರಿಸಿದವು. ಆಗ ಅಷ್ಟು ದಿನಗಳವರೆಗೆ ಭ್ರೂಣವನ್ನು ಗರ್ಭದ ಹೊರಗೆ ಬೆಳೆಸಲು ಸಾಧ್ಯವಿರಲಿಲ್ಲ. 2016ರಲ್ಲಿ ವಿಜ್ಞಾನಿಗಳು ಹನ್ನೆರಡು ಹದಿಮೂರು ದಿನ ಬೆಳೆಸಿದರು. 2021ರಲ್ಲಿ ಆಕರಕೋಶ ಸಂಶೋಧಕರ ಅಂತರರಾಷ್ಟ್ರೀಯ ಸಂಘವು ತನ್ನ ನಿಷೇಧಗಳ ಪಟ್ಟಿಯಿಂದ ಆ ಮಿತಿಯನ್ನು ಕೈಬಿಟ್ಟಿತು. ಬೇಲಿಯನ್ನು ಮುಟ್ಟಲಾಗದಿದ್ದಾಗ ಅದು ಪವಿತ್ರವಾಗಿತ್ತು, ಮುಟ್ಟಲು ಸಾಧ್ಯವಾದಾಗ ಮಾತುಕತೆಯ ವಿಷಯವಾಯಿತು. ಅನುಕೂಲಕ್ಕಾಗಿ ಎಳೆದ ಗೆರೆ ಅನುಕೂಲಕ್ಕಾಗಿಯೇ ಸರಿಯುತ್ತದೆ.

ಮೂರನೆಯದು: ಪ್ರನಾಳ ಶಿಶು ಚಿಕಿತ್ಸಾಲಯಗಳಲ್ಲಿ ಮಿಕ್ಕ ಭ್ರೂಣಗಳನ್ನು ಘನೀಕರಿಸಿ ಇಟ್ಟಿರುತ್ತಾರೆ. ಎಸೆಯುವ ಬದಲು ರೋಗಿಗಳಿಗೆ ಉಪಯೋಗಿಸಿದರೆ ತಪ್ಪೇನು? ಈ ಮಾತಿಗೆ ಬಲವಿದೆ. ಹೀಗೆ ಪರಿತ್ಯಕ್ತವಾದ ಭ್ರೂಣಗಳ ಸ್ಥಿತಿ ಪರಿಹಾರವಿಲ್ಲದ ಅನ್ಯಾಯವೆಂದು 2008ರ ಬೋಧನಾಪತ್ರವೇ ನೋವಿನಿಂದ ಒಪ್ಪಿಕೊಂಡಿದೆ. ಆದರೂ ಸಾಯಲಿರುವವನು ಎಂಬ ಕಾರಣಕ್ಕೆ ಒಬ್ಬನನ್ನು ಕೊಲ್ಲುವ ಅಧಿಕಾರ ನಮಗೆ ಬರುವುದಿಲ್ಲ. ಮರಣಶಯ್ಯೆಯಲ್ಲಿರುವವನ ಹೃದಯವನ್ನು ಅವನು ಉಸಿರಾಡುತ್ತಿರುವಾಗಲೇ ತೆಗೆಯಲು ಯಾವ ವೈದ್ಯನೂ ಒಪ್ಪುವುದಿಲ್ಲ. ಮೊದಲು ಮಾಡಿದ ಅನ್ಯಾಯ ಎರಡನೆಯದಕ್ಕೆ ಪರವಾನಗಿಯಾಗದು.

ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದದ್ದು. ಅದನ್ನು ಕೇಳುವವರು ತತ್ತ್ವಜ್ಞಾನಿಗಳಲ್ಲ, ಕಾಯಿಲೆಯ ಮಗುವಿನ ತಾಯಿತಂದೆಯರು. ನಮ್ಮ ಮಗುವಿಗೆ ನೀವು ಏನು ಹೇಳುತ್ತೀರಿ?

ಇದಕ್ಕೆ ಬಹುಕಾಲ ನಮ್ಮಲ್ಲಿ ಒಂದು ಸುಲಭದ ಉತ್ತರವಿತ್ತು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಕೋಶಗಳಿಗೆ ನಾಲ್ಕು ವಂಶವಾಹಿಗಳನ್ನು ಸೇರಿಸಿ, ಭ್ರೂಣದ ಆಕರಕೋಶಗಳಂತೆಯೇ ವರ್ತಿಸುವ ಕೋಶಗಳನ್ನು ಪಡೆದರು. 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಸೂಕ್ಷ್ಮದರ್ಶಕದಲ್ಲಿ ಭ್ರೂಣವೊಂದನ್ನು ನೋಡಿದಾಗ ಅದಕ್ಕೂ ತಮ್ಮ ಹೆಣ್ಣುಮಕ್ಕಳಿಗೂ ಅಂತರ ಎಷ್ಟು ಅಲ್ಪವೆಂದು ತಮಗೆ ಅನಿಸಿತೆಂದು ಅವರು ಹೇಳಿಕೊಂಡಿದ್ದಾರೆ. ಭ್ರೂಣವನ್ನು ಕೊಲ್ಲದೆಯೇ ದಾರಿ ದೊರಕಿತು, ವಾಗ್ವಾದ ಮುಗಿಯಿತು ಎಂದು ನಮ್ಮಲ್ಲಿ ಅನೇಕರು ನಿಟ್ಟುಸಿರುಬಿಟ್ಟರು.

ಅದು ಮುಗಿದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಎರಡು ಪ್ರಯೋಗಗಳ ವರದಿಗಳು ಒಟ್ಟಿಗೆ ಪ್ರಕಟವಾದವು. ಕ್ಯೋಟೋದಲ್ಲಿ ಯಮನಾಕರ ಮಾರ್ಗದ ಕೋಶಗಳನ್ನು 7 ರೋಗಿಗಳಿಗೆ, ಉತ್ತರ ಅಮೆರಿಕದಲ್ಲಿ ಭ್ರೂಣಮೂಲದ ಕೋಶಗಳನ್ನು 12 ರೋಗಿಗಳಿಗೆ ನೀಡಲಾಗಿತ್ತು. ಎರಡೂ ಸುರಕ್ಷಿತವೆಂದೂ ಭರವಸೆಯುಳ್ಳವೆಂದೂ ಕಂಡುಬಂದವು. ಅದೇ ವರ್ಷ ಮೊದಲನೆಯ ಬಗೆಯ ಮಧುಮೇಹಕ್ಕಾಗಿ ಭ್ರೂಣಮೂಲದ ಕೋಶಗಳಿಂದ ರೂಪಿಸಿದ ಚಿಕಿತ್ಸೆಯ ಫಲಿತಾಂಶ ಬಂದಿತು. ಪೂರ್ಣ ಪ್ರಮಾಣದಲ್ಲಿ ಅದನ್ನು ಪಡೆದ 12 ಮಂದಿಯಲ್ಲಿ 10 ಮಂದಿಗೆ ಒಂದು ವರ್ಷದ ಬಳಿಕ ಇನ್ಸುಲಿನ್ ಬೇಕಾಗಿರಲಿಲ್ಲ. ಆದ್ದರಿಂದ ಭ್ರೂಣದ ಸಂಶೋಧನೆಯಿಂದ ಯಾರಿಗೂ ಪ್ರಯೋಜನವಾಗಿಲ್ಲವೆಂದು ಪ್ರವಚನಪೀಠದಿಂದ ಇನ್ನು ಹೇಳುವುದು ಸತ್ಯಕ್ಕೆ ದೂರವಾದ ಮಾತು. ಹಾಗೆ ಹೇಳುವ ಅಗತ್ಯವೂ ಇಲ್ಲ. ಫಲ ಸಿಗದೆಂಬ ಕಾರಣಕ್ಕೆ ಮಾತ್ರ ಒಂದು ಕೃತ್ಯ ತಪ್ಪಾಗಿದ್ದರೆ, ಫಲ ಸಿಕ್ಕ ದಿನ ಅದು ಸರಿಯಾಗಿಬಿಡುತ್ತದೆ. ನಮ್ಮ ಮನಸ್ಸಾಕ್ಷಿ ವಿಜ್ಞಾನದ ಸೋಲಿನ ಮೇಲೆ ಕಟ್ಟಿದ ಮನೆಯಾಗಬಾರದು. ಮನುಷ್ಯನನ್ನು ಮನುಷ್ಯನಿಗೆ ಕಚ್ಚಾವಸ್ತುವಾಗಿಸಬಾರದೆಂಬ ನಿಯಮವು ಅದರಿಂದ ನಮಗೆ ನಷ್ಟವಾಗುವಾಗಲೂ ನಿಯಮವೇ.

ಆದರೆ ಇಲ್ಲಿ ಒಂದು ಅಪಾಯವಿದೆ. ಬೇಡವೆನ್ನುವವನು ಆರೋಗ್ಯವಂತ, ಅದರ ಬೆಲೆ ತೆರುವವನು ರೋಗಿ. ಬೇಡವೆಂದು ಹೇಳಿ ದಾರಿಯ ಬದಿಯಲ್ಲಿ ಬಿದ್ದಿರುವವನನ್ನು ದಾಟಿಹೋದರೆ ನಾವು ಶುಭಸಂದೇಶದ ಆ ಯಾಜಕನಂತೆಯೂ ಲೇವಿಯನಂತೆಯೂ ಆಗುತ್ತೇವೆ. ಸಮಾರಿತನ ಹಾಗೆ ಬಗ್ಗಿ ಎತ್ತಿದಾಗ ಮಾತ್ರ ನಮ್ಮ ನಿಲುವಿಗೆ ಮಾತನಾಡುವ ಹಕ್ಕು ಬರುತ್ತದೆ.

ನಮ್ಮ ಕುಟುಂಬಗಳು ಮಾಡಬಹುದಾದದ್ದು ಬಹಳಷ್ಟಿದೆ. ರಕ್ತದ ಕ್ಯಾನ್ಸರ್ ರೋಗಿಗೆ ಒಡಹುಟ್ಟಿದವರಲ್ಲಿ ಒಬ್ಬರ ಮಜ್ಜೆ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಉಳಿದವರಲ್ಲಿ ಅನೇಕರು ಅಪರಿಚಿತ ದಾನಿಗಳನ್ನು ನಂಬಬೇಕಾಗುತ್ತದೆ. ಹದಿನೆಂಟು ದಾಟಿದ ನಮ್ಮ ಯುವಜನರು ಕೆನ್ನೆಯ ಒಳಭಾಗದ ಮಾದರಿಯನ್ನು ಕೊಟ್ಟು ಆಕರಕೋಶ ದಾನಿಗಳ ನೋಂದಣಿಯಲ್ಲಿ ಹೆಸರು ಬರೆಸಬಹುದು. ಹೆಚ್ಚಿನ ಸಂದರ್ಭಗಳಲ್ಲಿ ದಾನವು ರಕ್ತದಾನದಂತೆಯೇ ತೋಳಿನ ನರದಿಂದ ನಡೆಯುತ್ತದೆ. ಧರ್ಮಕೇಂದ್ರದ ಹಬ್ಬದ ದಿನ ರಕ್ತದಾನ ಶಿಬಿರದ ಜೊತೆಗೆ ಇದನ್ನೂ ಏರ್ಪಡಿಸಿದರೆ ಜೀವಪರವೆಂಬ ಮಾತಿಗೆ ಅರ್ಥ ಬರುತ್ತದೆ. ಹಾಗೆಯೇ ಆಶೆಯನ್ನು ಮಾರುವವರ ಬಗ್ಗೆ ಎಚ್ಚರವಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ರಕ್ತಸಂಬಂಧವಾದ ಕೆಲವು ಕಾಯಿಲೆಗಳ ಹೊರತು ಬೇರೆಲ್ಲ ಆಕರಕೋಶ ಚಿಕಿತ್ಸೆಯೂ ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ನಡೆಯಬೇಕೆಂದು ವಿಧಿಸಿತು. ಮಗುವಿನ ಭವಿಷ್ಯಕ್ಕೆಂದು ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿಯಾಗಿ ಕಾದಿರಿಸುವುದನ್ನೂ ಅದು ಶಿಫಾರಸು ಮಾಡಲಿಲ್ಲ. ಅಂತಹ ಜಾಹೀರಾತುಗಳಿಗೆ ಮರುಳಾಗಿ ಸಾಲ ಮಾಡುವ ಮೊದಲು ನಂಬಿಕೆಯ ವೈದ್ಯರೊಬ್ಬರನ್ನು ಕೇಳಿರಿ.

ಕೊನೆಯದಾಗಿ, ನಮ್ಮ ಮಾತು ಯಾರನ್ನೂ ಗಾಯಗೊಳಿಸದಿರಲಿ. ಪ್ರನಾಳದಲ್ಲಿ ಆರಂಭವಾದ ಮಗುವೂ ದೇವರ ಮಗುವೇ. ಆ ದಾರಿ ಹಿಡಿದ ದಂಪತಿಗಳ ಕಣ್ಣೀರು ನಮ್ಮ ತೀರ್ಪಿಗಲ್ಲ, ನಮ್ಮ ಸಾಂತ್ವನಕ್ಕೆ ಕಾದಿದೆ. ಪ್ರಯೋಗಶಾಲೆಯಲ್ಲಿ ದುಡಿಯುವ ವಿಜ್ಞಾನಿಯೂ ನಮ್ಮ ಶತ್ರುವಲ್ಲ. ನೋವನ್ನು ನೀಗಬೇಕೆಂಬ ಅವರ ಹಂಬಲ ಒಳ್ಳೆಯದೇ. ನಾವು ಅವರಲ್ಲಿ ಕೇಳುವುದು ಇಷ್ಟೇ: ಗುಣಪಡಿಸುವಾಗ, ತನ್ನ ಪರವಾಗಿ ಮಾತನಾಡಲು ಬಾಯಿಯೇ ಇಲ್ಲದವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ಆ ಮಾತನ್ನು ಕೇಳುವ ನಾವು, ಬಾಯಿಯಿದ್ದು ನರಳುತ್ತಿರುವ ನೆರೆಮನೆಯವನ ದನಿಯನ್ನೂ ಕೇಳಿಸಿಕೊಳ್ಳೋಣ.