ಕಾಯುವವರು

ಮೇ ಎರಡನೇ ವಾರಕ್ಕೆ ಕೊಲಂಬೊ ಟಿಕೆಟ್ ಆಗಿತ್ತು. ಮಗಳಿಗೆ ಬೇಸಿಗೆ ರಜೆ, ಯಜಮಾನರಿಗೆ ಹೇಗೋ ಎಂಟು ದಿನ ಬಿಡುವು, ಬೆಂಗಳೂರಿನಿಂದ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ. ಆ ವರ್ಷ ನೋಡಲೇಬೇಕಾದ ದೇಶಗಳ ಪಟ್ಟಿಯಲ್ಲಿ ಲೋನ್ಲಿ ಪ್ಲಾನೆಟ್‌ನವರು ಶ್ರೀಲಂಕಾವನ್ನೇ ಮೊದಲು ಇಟ್ಟಿದ್ದರು. 2019ರ ಏಪ್ರಿಲ್ 21, ಭಾನುವಾರ. ಕ್ಯಾಂಡಿಯಿಂದ ಟೀ ತೋಟಗಳ ನಡುವೆ ಏರುವ ರೈಲಿನಲ್ಲಿ ಯಾವ ಕಡೆಯ ಕಿಟಕಿ ಚೆನ್ನ ಎಂದು ತಿಂಡಿ ತಿನ್ನುತ್ತ ಮಾತಾಡಿಕೊಳ್ಳುತ್ತಿದ್ದೆವು. ಟಿವಿಯ ಕೆಳಗಿನ ಪಟ್ಟಿಯಲ್ಲಿ ಕೊಲಂಬೊ ಎಂಬ ಹೆಸರು ಓಡತೊಡಗಿತು.

ಈಸ್ಟರ್ ದಿನ. ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋನಿಯವರ ಗುಡಿ, ನೆಗೊಂಬೊದ ಸಂತ ಸೆಬಾಸ್ಟಿಯನ್ ಚರ್ಚು, ಮಟ್ಟಕ್ಕಳಪ್ಪಿನ ಝಯನ್ ಚರ್ಚು. ಜೊತೆಗೆ ಬೆಳಗಿನ ಉಪಾಹಾರದ ಹೊತ್ತಿಗೆ ಕೊಲಂಬೊದ ಮೂರು ದೊಡ್ಡ ಹೋಟೆಲುಗಳು. ಎಲ್ಲ ಕಡೆ ಬಾಂಬು ಸಿಡಿದಿತ್ತು. ಮಧ್ಯಾಹ್ನದವರೆಗೂ ಸತ್ತವರ ಸಂಖ್ಯೆ ಏರುತ್ತಲೇ ಹೋಯಿತು. ಕೊನೆಗೆ 260 ದಾಟಿತು.

ಸಂಜೆ ತುಮಕೂರಿನಿಂದ ಅಮ್ಮನ ಫೋನು. ಒಂದೇ ಪ್ರಶ್ನೆ. "ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ರಾ?"

ನಾನು ಮಾಡಿಸಿರಲಿಲ್ಲ. ಮಾಡಿಸುವ ಮನಸ್ಸೂ ಇರಲಿಲ್ಲ. ಅಮ್ಮನ ಮುಂದೆ ಲೆಕ್ಕ ಒಪ್ಪಿಸಿದೆ. ಹಿಂದಿನ ವರ್ಷ ಆ ದ್ವೀಪಕ್ಕೆ 23 ಲಕ್ಷ ಪ್ರವಾಸಿಗರು ಹೋಗಿ ಬಂದಿದ್ದಾರೆ. ನಮ್ಮ ದೇಶದ ರಸ್ತೆಗಳಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಜನ ಸಾಯುತ್ತಾರೆ. ತುಮಕೂರಿನಿಂದ ನಮ್ಮ ಮನೆಗೆ ನೀನು ಬಸ್ಸಿನಲ್ಲಿ ಬರುವುದೇ ಇದಕ್ಕಿಂತ ಅಪಾಯ. ಎಲ್ಲೋ ಓದಿದ್ದನ್ನೂ ಸೇರಿಸಿದೆ: 2001ರ ಸೆಪ್ಟೆಂಬರ್ 11ರ ನಂತರ ಅಮೆರಿಕದಲ್ಲಿ ಬಹಳ ಜನ ವಿಮಾನಕ್ಕೆ ಹೆದರಿ ಕಾರು ಹತ್ತಿದರು, ಹಾಗೆ ಹತ್ತಿದ್ದರಿಂದಲೇ ಮುಂದಿನ ಒಂದು ವರ್ಷದಲ್ಲಿ ಸುಮಾರು 1,500 ಜನ ಹೆಚ್ಚಾಗಿ ರಸ್ತೆಯಲ್ಲಿ ಸತ್ತರು ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗೆರೆಂಜರ್ ಲೆಕ್ಕ ಹಾಕಿದ್ದಾರೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ "ಆಯ್ತು, ಊಟ ಮಾಡು" ಎಂದು ಫೋನಿಟ್ಟಳು.

ಮಾರನೆಯ ದಿನದ ಹೊತ್ತಿಗೆ ಆ ಸಂಖ್ಯೆಗೆ ನಮ್ಮ ಊರುಗಳ ಹೆಸರು ಸೇರಿಕೊಂಡಿತ್ತು. ಏಪ್ರಿಲ್ 18ಕ್ಕೆ ಲೋಕಸಭಾ ಚುನಾವಣೆಯ ಮತದಾನ ಮುಗಿಸಿ, ಪ್ರಚಾರದ ದಣಿವಾರಿಸಿಕೊಳ್ಳಲು ಹೋಗಿದ್ದ ಜೆಡಿಎಸ್ ಕಾರ್ಯಕರ್ತರು ಶಾಂಗ್ರಿ-ಲಾ ಹೋಟೆಲಿನಲ್ಲಿ ಇಳಿದಿದ್ದರು. ನೆಲಮಂಗಲದವರು, ಬೆಂಗಳೂರಿನವರು, ತುಮಕೂರಿನ ಕಡೆಯವರು. ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಟ್ವಿಟರ್‌ನಲ್ಲಿ ಸತ್ತವರ ಹೆಸರುಗಳನ್ನು ಬಿಡಿಬಿಡಿಯಾಗಿ ಖಚಿತಪಡಿಸುತ್ತ ಹೋದರು. ಶ್ರೀಲಂಕಾ ಸರ್ಕಾರ ವದಂತಿಗಳಿಗೆ ಹೆದರಿ ಫೇಸ್‌ಬುಕ್, ವಾಟ್ಸಾಪ್‌ಗಳನ್ನು ನಿಲ್ಲಿಸಿಬಿಟ್ಟಿತ್ತು. ಆ ಒಂದೂವರೆ ದಿನ ಈ ಕಾರ್ಯಕರ್ತರ ಮನೆಗಳಲ್ಲಿ ಫೋನು ಹಿಡಿದು ಕುಳಿತವರನ್ನು ನಾನು ಈಗಲೂ ಊಹಿಸಿಕೊಳ್ಳುತ್ತೇನೆ. ಕಳಿಸಿದ ಮೆಸೇಜಿನ ಪಕ್ಕ ಒಂದೇ ಟಿಕ್. ಎರಡನೆಯದು ಬೀಳದೆ ಇರುವುದಕ್ಕೆ ನೆಟ್‌ವರ್ಕು ಕಾರಣವೋ ಬೇರೇನೋ ಎಂದು ತಿಳಿಯಲು ಯಾವ ದಾರಿಯೂ ಇಲ್ಲ.

ಅಮ್ಮ ಮತ್ತೆ ಫೋನು ಮಾಡಿದಳು. ಗದರಲಿಲ್ಲ, ಅಳಲಿಲ್ಲ. "ಲಕ್ಷಕ್ಕೊಬ್ಬರು ಅಂತೀಯ. ಆ ಒಬ್ಬರ ಮನೆ ಮುಂದೆ ಇವತ್ತು ಶಾಮಿಯಾನ ಹಾಕ್ತಿದಾರೆ ಕಣೇ."

ಅವತ್ತೇ ಟಿಕೆಟ್ ರದ್ದು ಮಾಡಿಸಿದೆವು. ಕೊಟ್ಟ ದುಡ್ಡಿನಲ್ಲಿ ಅರ್ಧದಷ್ಟೂ ವಾಪಸ್ ಬರಲಿಲ್ಲ. ಭಯಕ್ಕೆ ಸೋತೆ ಎಂಬ ಸಿಟ್ಟು ತಿಂಗಳುಗಟ್ಟಲೆ ಒಳಗಿತ್ತು. ಅಮ್ಮನ ಮೇಲೂ ಇತ್ತು.

ಆ ಸಿಟ್ಟು ಕರಗಲು ನಾನು ಕೆಲವು ಸಂಗತಿಗಳನ್ನು ಮತ್ತೆ ಕೂತು ಓದಬೇಕಾಯಿತು. ಒಮ್ಮೆ ಬಾಂಬು ಬಿದ್ದ ಜಾಗಕ್ಕೆ ಮತ್ತೆ ಬೀಳುವುದಿಲ್ಲ, ಈಗ ಅಲ್ಲಿ ಪಹರೆ ಬಿಗಿಯಾಗಿರುತ್ತದೆ, ಹೋಗಲು ಇದೇ ಒಳ್ಳೆಯ ಸಮಯ ಎಂದು ಪ್ರವಾಸದ ಹುಚ್ಚಿರುವ ನಮ್ಮಂಥವರು ಹೇಳಿಕೊಳ್ಳುತ್ತೇವೆ. ಟ್ಯುನೀಶಿಯಾದಲ್ಲಿ 2015ರ ಮಾರ್ಚ್ 18ರಂದು ಬಾರ್ದೋ ವಸ್ತುಸಂಗ್ರಹಾಲಯದಲ್ಲಿ ಪ್ರವಾಸಿಗರನ್ನು ಕೊಂದರು. ಆಮೇಲೂ ಜನ ಹೋದರು. ಜೂನ್ 26ರಂದು ಸೂಸ್ ಪಟ್ಟಣದ ಹತ್ತಿರದ ಕಡಲತೀರದಲ್ಲಿ ಮತ್ತೆ 38 ಜನ ಸತ್ತರು. ಅವರಲ್ಲಿ 30 ಮಂದಿ ಬ್ರಿಟಿಷರು. ಶ್ರೀಲಂಕಾದಲ್ಲೇ, ಈಸ್ಟರ್ ಕಳೆದು ಐದನೆಯ ದಿನಕ್ಕೆ ಪೂರ್ವ ಕರಾವಳಿಯ ಸಾಯಿಂದಮರುದುವಿನಲ್ಲಿ ಪೊಲೀಸರು ಒಂದು ಮನೆಯನ್ನು ಸುತ್ತುವರಿದಾಗ ಒಳಗಿದ್ದವರು ಬಾಂಬು ಸಿಡಿಸಿಕೊಂಡರು. ಸತ್ತವರಲ್ಲಿ ಆರು ಮಕ್ಕಳಿದ್ದರು. ಅಂದರೆ ನಾನು ಅಮ್ಮನಿಗೆ ಅಂಕಿ ಓದಿ ಹೇಳುತ್ತಿದ್ದ ವಾರದಲ್ಲಿ ಅಲ್ಲಿ ಇನ್ನೂ ಏನೂ ಮುಗಿದಿರಲಿಲ್ಲ. ನನ್ನ ಲೆಕ್ಕ ಎಲ್ಲ ವರ್ಷಗಳ ಸರಾಸರಿಯದು. ಅಮ್ಮ ಕೇಳುತ್ತಿದ್ದದ್ದು ಆ ಮೇ ತಿಂಗಳ ಮಾತು. ಸರಾಸರಿಯಲ್ಲಿ ಯಾರೂ ಪ್ರಯಾಣ ಮಾಡುವುದಿಲ್ಲ.

ಹಾಗಾದರೆ ಯಾವಾಗ ಹೋಗಬಹುದು? ಸರ್ಕಾರದ ಸೂಚನೆಗಳನ್ನು ನೋಡಬೇಕು, ನಾನೂ ನೋಡುತ್ತೇನೆ. ತುರ್ತಿಲ್ಲದ ಪ್ರಯಾಣ ಬೇಡ ಎಂದು ಭಾರತ ಏಪ್ರಿಲ್ ಕೊನೆಗೆ ಹೇಳಿ ಮೇ ಕೊನೆಗೆ ಸಡಿಲಿಸಿತು. ಬ್ರಿಟನ್ ಜೂನ್ 6ಕ್ಕೆ ತನ್ನ ಎಚ್ಚರಿಕೆ ಹಿಂತೆಗೆದುಕೊಂಡಿತು. ಆದರೆ ಈ ಸೂಚನೆಗಳು ಹೋಗುವವರನ್ನು ಮಾತ್ರ ನೋಡಿ ಬರೆದಂಥವು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಅದಕ್ಕೆ ದಾರಿ ಸಿಕ್ಕಿದ್ದು ನಮ್ಮ ಭಾಷೆಯ ಒಂದು ಮಾತಿನಿಂದ.

ಕಾಯುವುದು. ಬಸ್ಸಿಗೆ ಕಾಯುತ್ತೇವೆ, ಮಗನ ಫೋನಿಗೆ ಕಾಯುತ್ತೇವೆ. ಹೊಲವನ್ನೂ ಕಾಯುತ್ತೇವೆ, ದನವನ್ನೂ ಕಾಯುತ್ತೇವೆ, ದೇವರು ಕಾಯಲಿ ಎನ್ನುತ್ತೇವೆ. ದಾರಿ ನೋಡುವುದಕ್ಕೂ ರಕ್ಷಿಸುವುದಕ್ಕೂ ಹಿರಿಯರು ಒಂದೇ ಕ್ರಿಯಾಪದ ಬಳಸಿಕೊಂಡು ಬಂದದ್ದು ಸುಮ್ಮನೆ ಅಲ್ಲ ಅನಿಸುತ್ತದೆ. ರಾತ್ರಿ ಹೊಲ ಕಾಯಲು ಹೋದವನು ಹಂದಿ ಬರುತ್ತದೇನೋ ಎಂದು ಕಣ್ಣುಬಿಟ್ಟು ಕೂರುವುದೇ ಅವನ ಕೆಲಸ. ಎಚ್ಚರ ತಪ್ಪಿದರೆ ಅವನು ಅಲ್ಲಿದ್ದೂ ಇಲ್ಲದ ಹಾಗೆ.

ಕೊಲಂಬೊದಲ್ಲಿ ಆದದ್ದು ಅದೇ. ಇಂಥದೊಂದು ದಾಳಿ ನಡೆಯಬಹುದೆಂದು ಭಾರತದ ಗುಪ್ತಚರರು ಏಪ್ರಿಲ್ 4ರಂದೇ ಶ್ರೀಲಂಕಾಕ್ಕೆ ತಿಳಿಸಿದ್ದರು. ಹದಿನೇಳು ದಿನ ಇತ್ತು. ಅಧ್ಯಕ್ಷರಿಗೂ ಪ್ರಧಾನಿಗೂ ಆಗಿಬರುತ್ತಿರಲಿಲ್ಲ. ಕಾಗದ ಮೇಜಿನಿಂದ ಮೇಜಿಗೆ ಹೋಯಿತು. ಚರ್ಚಿನ ಬಾಗಿಲಿಗೆ ಒಬ್ಬ ಪೇದೆಯೂ ಬರಲಿಲ್ಲ. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನಾ ಅವರು ಸಂತ್ರಸ್ತರಿಗೆ ಹತ್ತು ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಕಾಯಬೇಕಾದವರು ಸುಮ್ಮನೆ ಕಾದು ಕುಳಿತದ್ದಕ್ಕೆ ಬಿದ್ದ ದಂಡ ಅದು.

ಅದೇ ಬೆಳಿಗ್ಗೆ, ಮಟ್ಟಕ್ಕಳಪ್ಪಿನ ಝಯನ್ ಚರ್ಚಿನ ಅಂಗಳದಲ್ಲಿ ಒಬ್ಬ ಸಾಮಾನ್ಯ ಮನುಷ್ಯ ನಿಂತಿದ್ದ. ಹೆಂಡತಿ ಮಕ್ಕಳೊಂದಿಗೆ ಪ್ರಾರ್ಥನೆಗೆ ಬಂದವನು. ದೊಡ್ಡ ಚೀಲ ಹೊತ್ತು ಬಂದ ಅಪರಿಚಿತನನ್ನು ಅನುಮಾನಿಸಿ ಒಳಗೆ ಬಿಡಲಿಲ್ಲ, ಚೀಲ ಹೊರಗಿಟ್ಟು ಬಾ ಎಂದ. ಚೀಲದಲ್ಲಿದ್ದದ್ದು ಅಲ್ಲೇ ಸಿಡಿಯಿತು. ಭಾನುವಾರದ ಪಾಠ ಮುಗಿಸಿಕೊಂಡಿದ್ದ ಮಕ್ಕಳೂ ಸೇರಿ ಅಂಗಳದಲ್ಲಿದ್ದ ಹಲವರು ಹೋದರು, ಅವನೂ ಹೋದ. ಒಳಗೆ ತುಂಬಿದ್ದ ನೂರಾರು ಜನ ಉಳಿದರು. ಅವನಿಗೆ ಯಾರೂ ಸಂಬಳ ಕೊಟ್ಟು ನಿಲ್ಲಿಸಿರಲಿಲ್ಲ. ಸೂಸ್‌ನಲ್ಲೂ ಹೀಗೇ. ಪೊಲೀಸರು ಬೇಕೆಂದೇ ತಡಮಾಡಿದರು ಎಂದು ಬ್ರಿಟನ್ನಿನ ವಿಚಾರಣೆಯಲ್ಲಿ ಹೊರಬಿತ್ತು. ಪ್ರವಾಸಿಗರಿಗೆ ಅಡ್ಡವಾಗಿ ಸಾಲುಗಟ್ಟಿ ನಿಂತವರು ಹೋಟೆಲಿನ ಕೆಲಸದ ಹುಡುಗರು. 2025ರಲ್ಲಿ ಪಹಲ್ಗಾಮ್‌ನ ಹುಲ್ಲುಗಾವಲಿನಲ್ಲಿ ಉಗ್ರರ ಗುಂಡಿಗೆ ಸತ್ತ 26 ಜನರಲ್ಲಿ ಒಬ್ಬ ಆ ಊರಿನ ಕುದುರೆ ಸವಾರಿಯವನು, ಬಂದೂಕಿನ ಎದುರು ಹೋದವನು. ಅಲ್ಲೂ ಕನ್ನಡದವರು ಇದ್ದರು. ಅವತ್ತೂ ಅಮ್ಮ ಫೋನು ಮಾಡಿ ಎಲ್ಲರೂ ಮನೆಯಲ್ಲಿದ್ದೀರಾ ಎಂದು ಕೇಳಿದ್ದಳು.

ಊರು ಸುರಕ್ಷಿತವೇ ಎಂದು ಈಗ ನಾನು ಕೇಳುವುದಿಲ್ಲ. ಅಲ್ಲಿ ಕಾಯಬೇಕಾದವರು ಎದ್ದಿದ್ದಾರೆಯೇ ಎಂದು ಕೇಳುತ್ತೇನೆ. ಅಪರಾಧಿಗಳು ಸಿಕ್ಕರೇ, ತಪ್ಪು ಯಾರದೆಂದು ಆ ದೇಶ ತನ್ನನ್ನೇ ಕೇಳಿಕೊಳ್ಳುತ್ತಿದೆಯೇ, ಅಥವಾ ಪ್ರವಾಸಿಗರು ಬರಲಿ ಎಂದು ಬರೀ ಬಣ್ಣದ ಜಾಹೀರಾತು ಹಾಕುತ್ತಿದೆಯೇ. ದಾಳಿಯಾದ ತಿಂಗಳಲ್ಲಿ ಅರ್ಧ ಬೆಲೆಗೆ ಕೋಣೆ ಎಂದು ಬರುವ ಸಂದೇಶಗಳನ್ನು ನಾನು ನಂಬುವುದಿಲ್ಲ. ನಾವು ಹೋಗದಿದ್ದರೆ ಉಗ್ರರು ಗೆದ್ದಂತೆ ಎಂಬ ಘೋಷಣೆಯನ್ನೂ ಒಪ್ಪಲಾರೆ. ರಜೆಗೆ ಹೋಗುವವರ ತಲೆಯ ಮೇಲೆ ಯುದ್ಧದ ಭಾರ ಹೊರಿಸುವುದು ತಪ್ಪು. ಮಗುವಿನ ಕೈ ಹಿಡಿದುಕೊಂಡು ಹೋಗುವವಳಿಗೆ ಶೌರ್ಯ ತೋರಿಸುವ ಹಕ್ಕಿಲ್ಲ.

2020ರ ಜನವರಿಯಲ್ಲಿ ನಾವು ಹೋದೆವು. ತುರ್ತುಪರಿಸ್ಥಿತಿ ಹಿಂದಿನ ಆಗಸ್ಟಿನಲ್ಲೇ ತೆರವಾಗಿತ್ತು. ಅಮ್ಮನೇ ಹೇಳಿದಳು: "ಹೋಗೋದಾದ್ರೆ ಹೋಗ್ಬನ್ನಿ. ನಾನು ಬಂದು ಮನೆ ಕಾಯ್ತೀನಿ."

ವಿಮಾನ ನಿಲ್ದಾಣದಿಂದ ನೆಗೊಂಬೊ ಹತ್ತಿರ. ಕೆರೆಯಂತೆ ಒಳಗೆ ಚಾಚಿದ ಹಿನ್ನೀರು, ಮರಳಿನ ಮೇಲೆ ಹಾಸಿದ ಮೀನು, ತಿರುವಿಗೊಂದು ಸಂತರ ಗೂಡು. ನಮ್ಮ ವ್ಯಾನಿನ ಚಾಲಕ ಆ ಊರಿನವರೇ, ಕ್ಯಾಥೊಲಿಕರು. ನನ್ನ ಬೆಂಗಳೂರು ತಮಿಳಿಗೂ ಅವರ ತಮಿಳಿಗೂ ಹೇಗೋ ಹೊಂದಿಕೆಯಾಯಿತು. ಈಸ್ಟರ್ ನಂತರ ನಾಲ್ಕು ತಿಂಗಳು ವ್ಯಾನು ಮನೆ ಮುಂದೆಯೇ ನಿಂತಿತ್ತಂತೆ. ಲೀಸಿಂಗ್ ಕಂಪನಿಯ ಕಂತು ಮಾತ್ರ ನಿಲ್ಲಲಿಲ್ಲ. 2018ರ ಮೇ ತಿಂಗಳಲ್ಲಿ ದ್ವೀಪಕ್ಕೆ ಬಂದವರು 1.29 ಲಕ್ಷ, 2019ರ ಮೇ ತಿಂಗಳಲ್ಲಿ 38 ಸಾವಿರಕ್ಕೂ ಕಡಿಮೆ. ಈ ಅಂಕಿಗಳನ್ನು ಓದಿದ್ದೆ. ಬಾರದೆ ಹೋದ ಆ ತೊಂಬತ್ತು ಸಾವಿರದಲ್ಲಿ ನಾವು ಮೂವರೂ ಸೇರಿದ್ದೇವೆ ಎಂಬುದು ಆ ವ್ಯಾನಿನ ಸೀಟಿನಲ್ಲಿ ಕುಳಿತಾಗಲೇ ತಟ್ಟಿದ್ದು.

"ಮೇ ತಿಂಗಳಲ್ಲೇ ಬರಬೇಕಿತ್ತು, ಬರಲಿಲ್ಲ" ಎಂದೆ. ಕ್ಷಮೆ ಕೇಳುವ ದನಿ ನನಗೇ ತಿಳಿಯದೆ ಬಂದಿತ್ತು.

"ಬರದಿದ್ದದ್ದೇ ಒಳ್ಳೆಯದಾಯಿತು ಅಕ್ಕಾ" ಎಂದರು. "ಆಗ ಈ ಓಣಿಯಲ್ಲಿ ಮನೆಮನೆಗೂ ಸಾವಿನ ಬಿಳಿ ಬಾವುಟ. ನಮ್ಮವರನ್ನೇ ನಮಗೆ ನೋಡಿಕೊಳ್ಳಲು ಆಗುತ್ತಿರಲಿಲ್ಲ, ನಿಮ್ಮನ್ನು ಹೇಗೆ ನೋಡಿಕೊಳ್ಳುವುದು?"

ನಾವು ಬರಲಿಲ್ಲವೆಂದು ಅವರಿಗೆ ನಷ್ಟವಾಗಿತ್ತು. ಆದರೂ ಅವರ ಮನಸ್ಸಿನಲ್ಲಿದ್ದದ್ದು ನಮ್ಮನ್ನು ಕಾಯಬೇಕಾದ ಹೊಣೆ. ಅತಿಥಿಯನ್ನು ಕರೆಯುವವನಿಗೆ ಇರುವ ಈ ಭಯವನ್ನು ನಾನು ಯಾವ ಪ್ರವಾಸದ ಪುಸ್ತಕದಲ್ಲೂ ಓದಿರಲಿಲ್ಲ.

ಸಂತ ಸೆಬಾಸ್ಟಿಯನ್ ಚರ್ಚಿಗೆ ಅವರೇ ಕರೆದುಕೊಂಡು ಹೋದರು. ಇಲ್ಲೊಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತದ್ದು. ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿದೆವು. ಮಗಳ ನೀರಿನ ಬಾಟಲಿಯನ್ನೂ ತೆಗೆದು ನೋಡಿದರು. ಚಾವಣಿ ಹೊಸದು, ಬೆಂಚು ಹೊಸವು. ಪುನರುತ್ಥಾನದ ಕ್ರಿಸ್ತನ ಪ್ರತಿಮೆಯನ್ನು ಮಾತ್ರ ತೊಳೆದಿಲ್ಲ. ಬಿಳಿಯ ನಿಲುವಂಗಿಯ ಮೇಲೆ ಸಿಡಿದ ರಕ್ತದ ಕಲೆಗಳನ್ನು ಹಾಗೆಯೇ ಬಿಟ್ಟು ಗಾಜಿನ ಒಳಗೆ ಇಟ್ಟಿದ್ದಾರೆ. ಇದನ್ನು ನೋಡುವ ಹಕ್ಕು ನನಗಿದೆಯೇ ಎಂದು ಹಿಂಜರಿದೆ. ಫೋನು ಹೊರಗೆ ತೆಗೆಯಲಿಲ್ಲ. ಚಾಲಕರು ಎರಡು ಮೇಣದ ಬತ್ತಿ ಹಚ್ಚಿ, ಮೂರನೆಯದನ್ನು ಮಗಳ ಕೈಗೆ ಕೊಟ್ಟರು.

ಗಾಲೆಯ ಕೋಟೆಯಲ್ಲಿ ಹರಳು ಮಾರುವ ಮುಸ್ಲಿಂ ವ್ಯಾಪಾರಿಯೊಬ್ಬರು ಟೀ ಕೊಟ್ಟು ಕೂರಿಸಿದರು. ಮೇ ತಿಂಗಳಲ್ಲಿ ವಾಯವ್ಯ ಜಿಲ್ಲೆಗಳಲ್ಲಿ ಮುಸ್ಲಿಮರ ಮನೆ, ಅಂಗಡಿ, ಮಸೀದಿಗಳ ಮೇಲೆ ಗುಂಪುಗಳು ಬಿದ್ದಿದ್ದವು. ಗಾಲೆಯಲ್ಲಿ ಏನೂ ಆಗಲಿಲ್ಲ, ಆದರೂ ವಾರಗಟ್ಟಲೆ ರಾತ್ರಿ ನಿದ್ದೆ ಮಾಡಲಿಲ್ಲ ಎಂದರು. ಆ ತಿಂಗಳುಗಳಲ್ಲಿ ಪ್ರವಾಸಿ ಬರದಿದ್ದದ್ದು ಅವರಿಗೆ ದೊಡ್ಡ ಮಾತೇ ಆಗಿರಲಿಲ್ಲ. ನೆರೆಯ ಸಿಂಹಳ ಅಂಗಡಿಯವನು ಬೆಳಿಗ್ಗೆ ಎಂದಿನಂತೆ ಮಾತಾಡಿಸುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದರು. ಮಾತಾಡಿಸಿದನಂತೆ.

ಈಗ ಎಲ್ಲಿಗೆ ಹೊರಟರೂ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತೇನೆ. ಯಾವ ದಿನ ಯಾವ ಊರು, ಯಾವ ಹೋಟೆಲು, ಅಲ್ಲಿನ ನಮ್ಮ ರಾಯಭಾರ ಕಚೇರಿಯ ನಂಬರು, ಜೊತೆಯಲ್ಲಿ ಇರುವವರ ಫೋನು, ದಿನಾ ಎಷ್ಟು ಗಂಟೆಗೆ ಮಾತಾಡುತ್ತೇವೆ, ವಾಟ್ಸಾಪ್ ನಿಂತರೆ ಯಾರಿಗೆ ಕೇಳಬೇಕು. ವಿಮೆಯ ಪತ್ರದಲ್ಲಿ ಭಯೋತ್ಪಾದನೆಗೆ ಪರಿಹಾರ ಉಂಟೋ ಇಲ್ಲವೋ ಎಂಬ ಸಾಲನ್ನು ಹುಡುಕಿ ಓದುತ್ತೇನೆ. ಇಲ್ಲದ ಪಾಲಿಸಿಗಳೂ ಇರುತ್ತವೆ. ಹಾಳೆಯಿಂದ ಬಾಂಬು ನಿಲ್ಲುವುದಿಲ್ಲ. ಅದು ನನಗಾಗಿ ಬರೆದದ್ದೂ ಅಲ್ಲ.

ವಾಪಸಾಗುವ ದಿನ ನಮ್ಮ ವಿಮಾನ ತಡವಾಯಿತು. ಮನೆ ಮುಟ್ಟಿದಾಗ ನಡುರಾತ್ರಿ ಎರಡು ಗಂಟೆ. ಬೆಲ್ ಒತ್ತುವ ಮುಂಚೆಯೇ ಬಾಗಿಲು ತೆರೆಯಿತು. ಅಮ್ಮ ಮೊಮ್ಮಗಳ ತಲೆ ಸವರಿ, ಬ್ಯಾಗು ಈಚೆಗೆ ಎಳೆದುಕೊಂಡು, ನನ್ನ ಮುಖ ನೋಡಿದಳು. ಹೇಗಿತ್ತು ಎಂದು ಕೇಳಲಿಲ್ಲ.

"ನೀರು ಕಾದಿದೆ. ಮೊದಲು ಸ್ನಾನ ಮಾಡ್ಹೋಗು" ಎಂದಳು.